3-500ಝಡ್ ಆಂಪ್ಲಿಫೈಯರ್: ಸಿಡಿದದ್ದು ಟ್ಯೂಬ್ ದೋಷವೋ, ಪ್ಯಾರಾಸಿಟಿಕ್ಕೋ?

3-500ಝಡ್ ಟ್ಯೂಬ್ ಇರುವ ಹ್ಯಾಮ್ ರೇಡಿಯೋ ಆಂಪ್ಲಿಫೈಯರ್ ಒಳಗೆ 'ಢಬ್' ಅಂದ ಕೂಡಲೇ ಪ್ಯಾರಾಸಿಟಿಕ್ (ತಾನಾಗಿ ಹುಟ್ಟುವ ಬೇಡದ ಆಸಿಲೇಶನ್) ಅಂತ, ಅದನ್ನು ತಡೆಯುವ ಸಪ್ರೆಸರ್‌ಗೆ ಕೈ ಹಾಕುವವರೇ ಹೆಚ್ಚು. ಮೊದಲು ನೋಡಬೇಕಾದದ್ದು ಬೇರೆ: ಸದ್ದು ಬಂದದ್ದು ಸ್ಟ್ಯಾಂಡ್‌ಬೈನಲ್ಲೋ, ಪಿಟಿಟಿ (ಪ್ರಸಾರ ಶುರುಮಾಡುವ ಸ್ವಿಚ್) ಒತ್ತಿದ ಮೇಲೋ? ಸ್ಟ್ಯಾಂಡ್‌ಬೈನಲ್ಲಿ ಕಟ್‌ಆಫ್ ಬಯಾಸ್ ಇದ್ದರೆ ಟ್ಯೂಬ್‌ನಲ್ಲಿ ಕರೆಂಟ್ ಹರಿಯದು, ಗೇನ್ ಇರದು. ಗೇನ್ ಇಲ್ಲದೆ ಆಸಿಲೇಶನ್ ಹುಟ್ಟದು. ಆಗಲೂ ಸಿಡಿದರೆ ಟ್ಯೂಬ್‌ನೊಳಗೆ ಗ್ಯಾಸ್ ಸೇರಿದೆ, ಇಲ್ಲವೇ ಹೈ ವೋಲ್ಟೇಜ್ (ಎಚ್‌ವಿ) ದಾರಿಯಲ್ಲಿ ಎಲ್ಲೋ ಧೂಳು ಕೂತು ಇನ್ಸುಲೇಶನ್ ಸೋತಿದೆ.

ಮುಚ್ಚಳ ತೆಗೆಯುವ ಮುನ್ನ ಪ್ಲಗ್ ಕಿತ್ತು, ಎಚ್‌ವಿ ಮೀಟರ್ ಸೊನ್ನೆಗೆ ಇಳಿಯುವವರೆಗೆ ಕಾಯಿರಿ. 200 ಮೈಕ್ರೋಫ್ಯಾರಡ್‌ನ ಎಂಟು ಕೆಪಾಸಿಟರ್ ಸೀರೀಸ್‌ನಲ್ಲಿದ್ದರೆ ಒಟ್ಟು 25 ಮೈಕ್ರೋಫ್ಯಾರಡ್. 3000 ವೋಲ್ಟ್‌ನಲ್ಲಿ ಅದು ಹಿಡಿದಿಡುವ ಶಕ್ತಿ ಸುಮಾರು 112 ಜೂಲ್, ಜೀವ ತೆಗೆಯಲು ಸಾಕು. ಕೆಪಾಸಿಟರ್ ಖಾಲಿ ಮಾಡುವ ಬ್ಲೀಡರ್ ರೆಸಿಸ್ಟರ್ ಸುಟ್ಟಿರಬಹುದು, ಅದನ್ನು ನಂಬಬೇಡಿ. ರೆಸಿಸ್ಟರ್ ಕಟ್ಟಿದ ಇನ್ಸುಲೇಟೆಡ್ ಕೋಲಿನಿಂದ ಡಿಸ್ಚಾರ್ಜ್ ಮಾಡಿ, ಆಮೇಲೆ ಎಚ್‌ವಿ ಲೈನನ್ನು ನೇರ ಚಾಸಿಗೆ ಶಾರ್ಟ್ ಮಾಡಿಡಿ.

ಈಗ ಟ್ಯೂಬ್ ಕಿತ್ತು ಮಲ್ಟಿಮೀಟರ್ ಹಿಡಿಯಿರಿ. 1 ಮತ್ತು 5ನೇ ಪಿನ್ ಫಿಲಮೆಂಟ್, 2, 3, 4 ಗ್ರಿಡ್. ಫಿಲಮೆಂಟ್ ಹೆಚ್ಚುಕಡಿಮೆ ಸೊನ್ನೆ ಓಮ್ ತೋರಿಸಬೇಕು, ಗ್ರಿಡ್‌ನಿಂದ ಫಿಲಮೆಂಟ್‌ಗೆ ಪೂರ್ತಿ ಓಪನ್ ಇರಬೇಕು. ಬೆರಳಿನಿಂದ ಮೆಲ್ಲಗೆ ತಟ್ಟಿ ಇನ್ನೊಮ್ಮೆ ಅಳೆಯಿರಿ. ಜೋತುಬಿದ್ದ ಫಿಲಮೆಂಟ್ ಬಿಸಿಯಾದಾಗ ಮಾತ್ರ ಗ್ರಿಡ್‌ಗೆ ತಗಲುವುದುಂಟು, ಹಾಗಾಗಿ ತಣ್ಣಗಿರುವಾಗ ಪಾಸಾದ ಟ್ಯೂಬ್ ಒಳ್ಳೆಯದೇ ಅಂತ ಹೇಳಲಾಗದು. ಔಟ್‌ಪುಟ್ ಕುಗ್ಗಿದ್ದರೆ ಎಚ್‌ವಿ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ ಬಿಡಿಸಿ, ಫ್ಯಾನ್ ಓಡುತ್ತಿರುವಾಗ ಸಾಕೆಟ್ ಪಿನ್‌ನಲ್ಲೇ ಫಿಲಮೆಂಟ್ ವೋಲ್ಟೇಜ್ ನೋಡಿ: 4.75ರಿಂದ 5.25ರೊಳಗೆ ಇರಬೇಕು. ಇದು 14 ಆಂಪಿಯರ್‌ಗೂ ಮೀರಿ ಎಳೆಯುವ ಫಿಲಮೆಂಟ್. ಸಾಕೆಟ್ ಕ್ಲಿಪ್ ಸಡಿಲವಾದರೂ, ಗಾಳಿ ಸಾಲದೆ ಪಿನ್‌ನ ಬೆಸುಗೆ ಕರಗಿದರೂ ವೋಲ್ಟೇಜ್ ಅಲ್ಲೇ ಬಿದ್ದುಹೋಗುತ್ತದೆ. ಎಷ್ಟೋ 'ಸತ್ತ' ಟ್ಯೂಬ್‌ಗಳಿಗೆ ಬೇಕಿದ್ದದ್ದು ಬೆಸುಗೆ ಅಷ್ಟೇ.

ಇವೆಲ್ಲ ಸರಿ ಇದ್ದರೆ ಆಸಿಲೇಶನ್ ಪರೀಕ್ಷೆ. ಟ್ಯೂಬ್ ಮತ್ತು ಪ್ರೈಮರಿ ಮತ್ತೆ ಜೋಡಿಸಿ, ಎಚ್‌ವಿ ಶಾರ್ಟ್ ಬಿಚ್ಚಿ, ಮುಚ್ಚಳ ಹಾಕಿ, ಇನ್‌ಪುಟ್‌ಗೆ 50 ಓಮ್, ಔಟ್‌ಪುಟ್‌ಗೆ ಡಮ್ಮಿ ಲೋಡ್ (ಆಂಟೆನಾ ಬದಲು ಹಾಕುವ ರೆಸಿಸ್ಟರ್) ಕೊಡಿ. ಡ್ರೈವ್ (ಇನ್‌ಪುಟ್ ಸಿಗ್ನಲ್) ಇಲ್ಲದೆ ಪಿಟಿಟಿ ಒತ್ತಿ, ಕೆಲವೇ ಸೆಕೆಂಡಿನಂತೆ ಬಿಟ್ಟುಬಿಟ್ಟು, ಟ್ಯೂನ್ ಮತ್ತು ಲೋಡ್ ನಾಬ್‌ಗಳನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ. ಪ್ಲೇಟ್ ಕರೆಂಟ್ ಅಲುಗಾಡಬಾರದು, ಗ್ರಿಡ್ ಕರೆಂಟ್ ಸೊನ್ನೆಯಲ್ಲೇ ಇರಬೇಕು. ಟ್ಯೂನ್ ನಾಬ್‌ನ ಒಂದೇ ಜಾಗದಲ್ಲಿ ಮುಳ್ಳು ಜಿಗಿದರೆ ಆಸಿಲೇಶನ್ ಬ್ಯಾಂಡಿನ ಫ್ರೀಕ್ವೆನ್ಸಿಯ ಹತ್ತಿರದ್ದು. ಇನ್‌ಪುಟ್-ಔಟ್‌ಪುಟ್ ನಡುವಿನ ಶೀಲ್ಡಿಂಗ್, ರಿಲೇ ವೈರಿಂಗ್ ನೋಡಿ. ಮುಳ್ಳು ನಾಬ್‌ಗೆ ಕ್ಯಾರೇ ಅನ್ನದೆ ಎಲ್ಲೆಂದರಲ್ಲಿ ಜಿಗಿದರೆ ವಿಎಚ್‌ಎಫ್ (30 ಮೆಗಾಹರ್ಟ್ಝ್ ಮೇಲಿನ) ಪ್ಯಾರಾಸಿಟಿಕ್ ಎಂಬ ಅನುಮಾನ ಬಲವಾಗುತ್ತದೆ, ಏಕೆಂದರೆ ಆ ಫ್ರೀಕ್ವೆನ್ಸಿಯಲ್ಲಿ ಟ್ಯೂನ್ ಕೆಪಾಸಿಟರ್ ಬಹುಪಾಲು ಶಾರ್ಟ್ ಇದ್ದಂತೆ.

ಸಪ್ರೆಸರ್ ಲೆಕ್ಕ ಹೀಗೆ. 0.07 ಮೈಕ್ರೋಹೆನ್ರಿ ಕಾಯಿಲ್‌ಗೆ ಪ್ಯಾರಲಲ್ ಆಗಿ 50 ಓಮ್ ಇದೆ ಅನ್ನೋಣ. 28 ಮೆಗಾಹರ್ಟ್ಝ್‌ನಲ್ಲಿ ಕಾಯಿಲ್‌ನ ರಿಯಾಕ್ಟೆನ್ಸ್ 12 ಓಮ್, ಈ ಜೋಡಿಯು ಸರ್ಕ್ಯೂಟ್‌ಗೆ ಸೇರಿಸುವ ನಷ್ಟ 3 ಓಮ್‌ಗೂ ಕಡಿಮೆ. 150ರಲ್ಲಿ ರಿಯಾಕ್ಟೆನ್ಸ್ 66ಕ್ಕೆ ಏರುತ್ತದೆ, ನಷ್ಟ 32 ಓಮ್ ಆಗುತ್ತದೆ. ಆಸಿಲೇಶನ್ ಉಸಿರು ಕಟ್ಟುವುದು ಅಲ್ಲೇ. ಇನ್ನೆರಡು ಸುತ್ತು ಜಾಸ್ತಿ ಹಾಕಿದರೆ 10 ಮೀಟರ್ ಬ್ಯಾಂಡ್‌ನಲ್ಲೇ ರೆಸಿಸ್ಟರ್ ಸುಟ್ಟು ಕಪ್ಪಾಗುತ್ತದೆ. ಇಲ್ಲಿ ವೈರ್‌ವೌಂಡ್ ರೆಸಿಸ್ಟರ್ ಬೇಡ, ಅದರ ಸುರುಳಿಯೇ ಇನ್ನೊಂದು ಇಂಡಕ್ಟರ್. ಜೊತೆಗೆ ಗ್ರಿಡ್ ಪಿನ್‌ಗಳಿಂದ ಚಾಸಿಗೆ ಅಗಲವಾದ, ಗಿಡ್ಡ ತಾಮ್ರದ ಪಟ್ಟಿ ಹಾಕಿ. ಉದ್ದ ತಂತಿಯಿದ್ದರೆ ವಿಎಚ್‌ಎಫ್‌ನಲ್ಲಿ ಗ್ರಿಡ್ ಗ್ರೌಂಡ್ ಆಗಿರುವುದೇ ಇಲ್ಲ.

ವೈರ್‌ವೌಂಡ್ ಬೇಕಾಗುವುದು ಎಚ್‌ವಿ ಲೈನ್‌ನಲ್ಲಿ. ಅಲ್ಲಿ ಸೀರೀಸ್‌ನಲ್ಲಿ 10 ಓಮ್, 25 ವಾಟ್ ಹಾಕಿದರೆ ಫ್ಲ್ಯಾಶ್‌ಓವರ್ ಆದಾಗ (ಕಿಡಿ ಹಾರಿ ಶಾರ್ಟ್ ಆದಾಗ) 3000 ವೋಲ್ಟ್‌ನ ಕರೆಂಟ್ 300 ಆಂಪಿಯರ್ ಮೀರದು. 50 ಓಮ್ ಹಾಕಿದರೆ 60.