ಉದ್ಘಾಟನೆಯ ಫೋಟೊ ಆಯ್ತು, ಆಮೇಲೆ?

ಹೊಸತನವನ್ನು ಪತ್ರಿಕೆಗಳು ವರದಿ ಮಾಡುವ ರೀತಿಗೆ ಒಂದು ಉದಾಹರಣೆ ನೋಡಿ. ಮನೆಯ ಊಟವನ್ನು ಆಫೀಸಿಗೆ ಮುಟ್ಟಿಸುವ ಮುಂಬಯಿಯ ಡಬ್ಬಾವಾಲಾಗಳಿಗೆ 'ಸಿಕ್ಸ್ ಸಿಗ್ಮಾ', ಅಂದರೆ ತಪ್ಪು ಬಹುತೇಕ ಇಲ್ಲದ ಕೆಲಸದ, ಸರ್ಟಿಫಿಕೇಟ್ ಸಿಕ್ಕಿದೆ ಅಂತ ನೀವೂ ಓದಿರುತ್ತೀರಿ. ಕೊಟ್ಟಿದ್ದು ಅಮೆರಿಕದ ಫೋರ್ಬ್ಸ್ ಪತ್ರಿಕೆಯಂತೆ. ಭಾಷಣಗಳಲ್ಲಿ, ಪುರವಣಿಗಳಲ್ಲಿ, ವಾಟ್ಸ್‌ಆ್ಯಪ್ ಫಾರ್ವರ್ಡ್‌ಗಳಲ್ಲಿ ಈ ಮಾತು ವರ್ಷಗಟ್ಟಲೆ ಓಡಾಡಿದೆ. ಆದರೆ ಫೋರ್ಬ್ಸ್ ಅಂಥದ್ದೇನೂ ಕೊಟ್ಟಿಲ್ಲ. 1998ರಲ್ಲಿ ಡಬ್ಬಾವಾಲಾಗಳ ಬಗ್ಗೆ ಆ ಪತ್ರಿಕೆಯಲ್ಲಿ ಲೇಖನ ಬರೆದ ಸುಬ್ರತ ಚಕ್ರವರ್ತಿಯವರೇ, ತಾವು ಆ ಪದವನ್ನೇ ಬಳಸಿರಲಿಲ್ಲ ಎಂದು ಆಮೇಲೆ ಹೇಳಿದ್ದಾರೆ. ನಡೆದದ್ದು ಇಷ್ಟೇ. ತಪ್ಪುಗಳು ಎಷ್ಟಾಗುತ್ತವೆ ಅಂತ ಕೇಳಿದ್ದಕ್ಕೆ ಡಬ್ಬಾವಾಲಾ ಸಂಘದ ಅಧ್ಯಕ್ಷರು, ಆಗುವುದೇ ಇಲ್ಲ, ಎರಡು ತಿಂಗಳಿಗೆ ಒಂದಾದರೂ ಹೆಚ್ಚು ಎಂಬರ್ಥದಲ್ಲಿ ಉತ್ತರಿಸಿದರು. ಅದನ್ನು ಡಬ್ಬಿಗಳ ಲೆಕ್ಕಕ್ಕೆ ತಾಳೆ ಹಾಕಿದಾಗ '80 ಲಕ್ಷಕ್ಕೆ ಒಂದು ತಪ್ಪು' ಅಂತ ಬಂತು. ಬಾಯಿಮಾತಿನ ಅಂದಾಜು ಹೀಗೆ ಅಂಕಿಅಂಶವಾಯಿತು.

ಈ ಗದ್ದಲದಲ್ಲಿ ನಿಜವಾದ ಕೌಶಲ ಹಿಂದೆ ಬಿತ್ತು. ಅದು ಇರುವುದು ಡಬ್ಬಿಯ ಮುಚ್ಚಳದ ಮೇಲೆ. ಬಣ್ಣದಲ್ಲಿ ಬರೆದ ಕೆಲವು ಅಕ್ಷರ, ಕೆಲವು ಅಂಕಿ. ಯಾವ ಸ್ಟೇಷನ್‌ನಿಂದ ಹೊರಟಿತು, ಎಲ್ಲಿ ಇಳಿಯಬೇಕು, ಯಾವ ಕಟ್ಟಡ, ಎಷ್ಟನೇ ಮಹಡಿ, ಎಲ್ಲವೂ ಅದರಲ್ಲೇ. ಓದುಬರಹ ಜಾಸ್ತಿ ಇಲ್ಲದವರಿಗೂ ಒಂದೇ ನೋಟಕ್ಕೆ ತಿಳಿಯಬೇಕು. 1890ರಿಂದ ನಡೆದು ಬಂದ ಈ ಏರ್ಪಾಡಿನ ಬೆನ್ನೆಲುಬು ಲೋಕಲ್ ರೈಲು. 2020ರ ಲಾಕ್‌ಡೌನ್‌ನಲ್ಲಿ ಲೋಕಲ್ ನಿಂತಿತು, ಡಬ್ಬಿಯೂ ನಿಂತಿತು. ಸರ್ಟಿಫಿಕೇಟ್ ಕಥೆಗಿಂತ ಇದು ದೊಡ್ಡ ಸುದ್ದಿ ಅಲ್ವಾ?

ಹೊಸತನವನ್ನು ಪತ್ರಿಕೆಗಳು ಹೇಗೆ ವರದಿ ಮಾಡಬೇಕು ಎನ್ನುವ ಚರ್ಚೆಗೆ 'ಇನ್ನೋವೇಶನ್ ಜರ್ನಲಿಸಂ' ಎಂಬ ಹೆಸರು ಬಂದಿದ್ದು 2003ರಲ್ಲಿ. ಸ್ವೀಡನ್ನಿನ ಡೇವಿಡ್ ನೋರ್ಡ್‌ಫೋರ್ಸ್ ಇಟ್ಟ ಹೆಸರು ಅದು. ಅವರ ತಕರಾರು ಸರಳ. ಪತ್ರಿಕಾಲಯದಲ್ಲಿ ವಾಣಿಜ್ಯದವರು ಬೇರೆ, ವಿಜ್ಞಾನದವರು ಬೇರೆ, ರಾಜಕೀಯದವರು ಬೇರೆ ಕೂತಿರುತ್ತಾರೆ. ಹೊಸ ವಸ್ತುವೊಂದು ಬಂದರೆ ಅದು ಮೂವರ ಮೇಜಿನ ಮೇಲೂ ಹಾಯುತ್ತದೆ, ಯಾರೊಬ್ಬರೂ ಪೂರ್ತಿ ನೋಡುವುದಿಲ್ಲ.

ಹೆಸರು ಹೊಸದು, ಕೆಲಸ ಹಳೆಯದು. ಮುಂಬಯಿಯಲ್ಲಿ ಫರ್ದೂನ್‌ಜೀ ಮರ್ಜ್‌ಬಾನ್ ಮೊದಲು ಗುಜರಾತಿ ಅಚ್ಚಿನ ಮನೆ ನಡೆಸಿದರು, 1814ರಲ್ಲಿ ಪಂಚಾಂಗ ಅಚ್ಚು ಹಾಕಿದರು. 'ಮುಂಬಯಿ ಸಮಾಚಾರ್' ಹೊರಟಿದ್ದು ಆಮೇಲೆ, 1822ರ ಜುಲೈ 1ರಂದು. ನಿಲ್ಲದೆ ನಡೆದು ಬಂದ ಪತ್ರಿಕೆಗಳಲ್ಲಿ ಏಷ್ಯಾದಲ್ಲೇ ಅತಿ ಹಳೆಯದು ಅದು. 21 ವರ್ಷದ ನಂತರ ಅದೇ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಬಂತು. ಜರ್ಮನ್ ಮಿಷನರಿ ಮೋಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ತೆಗೆದರು. ಮರುವರ್ಷವೇ ಅದು ಮೊಳೆ ಅಚ್ಚಿಗಾಗಿ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಇಬ್ಬರೂ ಯಂತ್ರದ ಹತ್ತಿರವೇ ಇದ್ದ ಸಂಪಾದಕರು. ಪುಣೆಯಲ್ಲಿ 1932ರಲ್ಲಿ 'ಸಕಾಳ್' ಆರಂಭಿಸಿದ ನಾನಾಸಾಹೇಬ್ ಪರುಳೇಕರ್ ಯಂತ್ರಕ್ಕಿಂತ ಸುದ್ದಿಯ ದಾರಿಯನ್ನೇ ಬದಲಿಸಿದರು. ಅಮೆರಿಕದ ಕೊಲಂಬಿಯಾದಲ್ಲಿ ಓದಿ ಬಂದವರು, ಹಳ್ಳಿಗಳಲ್ಲಿ ಬಾತ್ಮೀದಾರರನ್ನು ಇಟ್ಟರು.

ಪುಣೆಯದೇ ಇನ್ನೊಂದು ಕಥೆ. ಅಮೆರಿಕ ಸೂಪರ್ ಕಂಪ್ಯೂಟರ್ ಕೊಡಲು ಹಿಂದೇಟು ಹಾಕಿದ ಮೇಲೆ 1988ರಲ್ಲಿ ಸರಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಹುಟ್ಟಿತು. 1991ರಲ್ಲಿ ಪರಮ್ 8000 ತಯಾರಾಯಿತು. ಪರಮ್ ಹೆಸರು ಎಲ್ಲರಿಗೂ ಗೊತ್ತು. ಐಐಟಿ ಕಾನ್ಪುರದಲ್ಲಿ ಶುರುವಾಗಿ ಇದೇ ಸಿ-ಡ್ಯಾಕ್‌ನಲ್ಲಿ ಬೆಳೆದ 'ಜಿಸ್ಟ್' ಹೆಸರು ಕೇಳಿದವರು ಎಷ್ಟು ಜನ? ಕನ್ನಡವೂ ಸೇರಿ ಭಾರತದ ಲಿಪಿಗಳನ್ನು ಕಂಪ್ಯೂಟರ್‌ಗೆ ತಂದ ತಂತ್ರ ಅದು. ಪತ್ರಿಕೆಯ ಅಕ್ಷರ ಜೋಡಣೆಯ ಕೋಣೆಯನ್ನೇ ಬದಲಿಸುವ ಸಂಗತಿ ಕಣ್ಣೆದುರೇ ನಡೆದಿತ್ತು. ಹೊಳಪು ಮಾತ್ರ ದೊಡ್ಡ ಯಂತ್ರಕ್ಕೇ ಸಿಕ್ಕಿತು.

1992ರಲ್ಲಿ ಮುಂಬಯಿ ಷೇರುಪೇಟೆಯಲ್ಲಿ ದಲ್ಲಾಳಿ ಹರ್ಷದ್ ಮೆಹ್ತಾ ಹೀರೊ ಆಗಿದ್ದಾಗ, ಪತ್ರಕರ್ತೆ ಸುಚೇತಾ ದಲಾಲ್ ದುಡ್ಡು ಬರುವುದು ಎಲ್ಲಿಂದ ಅಂತ ಕೇಳಿ ಬ್ಯಾಂಕುಗಳ ಒಳಗಿನ ವ್ಯವಹಾರ ಹೊರತೆಗೆದರು. ಏಪ್ರಿಲ್ 23ರ ಆ ವರದಿ ಇಂದಿಗೂ ಪಾಠ. ಈಚೆಗೆ ಮುಂಬಯಿಯಿಂದಲೇ ಹೊರಟ ಜಾಲತಾಣ ಇಂಡಿಯಾಸ್ಪೆಂಡ್ 2011ರಿಂದ ಅಂಕಿಅಂಶ ಹಿಡಿದು ಬರೆಯುತ್ತಿದೆ. ಪಿ. ಸಾಯಿನಾಥ್ ಅವರ ಜಾಲತಾಣ 'ಪರಿ' 2014ರಿಂದ ಹಳ್ಳಿಗಳ ಕಸುಬುಗಳನ್ನು ದಾಖಲಿಸುತ್ತಿದೆ, ಕನ್ನಡದಲ್ಲೂ ಓದಬಹುದು.

ಇನ್ನು ನಮ್ಮ ಮುಂಬಯಿ ಕನ್ನಡಿಗರ ಮಾತು. 'ಕರ್ನಾಟಕ ಮಲ್ಲ', 'ಉದಯವಾಣಿ'ಯ ಮುಂಬಯಿ ಆವೃತ್ತಿ, 'ಮೊಗವೀರ' ಮಾಸಿಕ ಇವೆಲ್ಲ ಇಲ್ಲಿನ ಸಂಘ, ಯಕ್ಷಗಾನ, ಮದುವೆ, ಸಾವು-ನೋವುಗಳನ್ನು ಓದುಗರಿಗೆ ತಲುಪಿಸಿವೆ. ಅದು ಸಣ್ಣ ಕೆಲಸವಲ್ಲ. ಆದರೆ ಹೊಸದೊಂದು ಬಂದರೆ ನಾವು ಬರೆಯುವುದು ರಿಬ್ಬನ್ ಕತ್ತರಿಸಿದ ದಿನ ಮಾತ್ರ.

ಯುಪಿಐ ನೋಡಿ. ಅದನ್ನು ಕಟ್ಟಿದ ಪಾವತಿ ಸಂಸ್ಥೆ ಎನ್‌ಪಿಸಿಐ ಮುಂಬಯಿಯದೇ, ಶುರುವಾಗಿದ್ದು 2016ರಲ್ಲಿ. ಮಾಟುಂಗಾದ ಯಾವುದೇ ಉಡುಪಿ ಹೋಟೆಲಿನ ಗಲ್ಲಾ ಹತ್ತಿರ ಬೆಳಿಗ್ಗೆ ಒಂಬತ್ತಕ್ಕೆ ನಿಂತರೆ ಸಾಕು. ಇಡ್ಲಿ-ಕಾಫಿ ಮುಗಿಸಿದವರು ಫೋನ್ ಎತ್ತಿ 'ಹೋಯ್ತು' ಅನ್ನುತ್ತಾರೆ. ಸೌಂಡ್‌ಬಾಕ್ಸ್ (ದುಡ್ಡು ಬಂದರೆ ಕೂಗಿ ಹೇಳುವ ಪೆಟ್ಟಿಗೆ) ಮಾತಾಡುವುದಿಲ್ಲ. ಹಿಂದೆ ನಾಲ್ಕು ಜನ ಕ್ಯೂ. ಗಲ್ಲಾದಲ್ಲಿ ಕೂತವರು ಗಿರಾಕಿಯ ಮುಖ ನೋಡಿ 'ಪರವಾಗಿಲ್ಲ, ಹೋಗಿ' ಅನ್ನಬೇಕು, ಇಲ್ಲವೇ ನಿಲ್ಲಿಸಬೇಕು. ಆ ದುಡ್ಡು ಬರದಿದ್ದರೆ ನಷ್ಟ ಯಾರದು? ಸೌಂಡ್‌ಬಾಕ್ಸಿನ ಬಾಡಿಗೆ ಎಷ್ಟು? 2020ರ ಜನವರಿಯಿಂದ, ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ ಅಂಗಡಿಯವರಿಂದ ಎಂಡಿಆರ್, ಅಂದರೆ ಪಾವತಿ ಸಾಗಿಸಿದ್ದಕ್ಕೆ ಬ್ಯಾಂಕುಗಳು ಪಡೆಯುವ ಶುಲ್ಕ, ತೆಗೆದುಕೊಳ್ಳುವಂತಿಲ್ಲ. ಹಾಗಾದರೆ ಬ್ಯಾಂಕುಗಳ ಖರ್ಚು ಎಲ್ಲಿಂದ? ಸರಕಾರ ಪ್ರೋತ್ಸಾಹಧನ ಕೊಡುತ್ತ ಬಂದಿದೆ. ಅದು ನಿಂತರೆ ಮಸಾಲೆದೋಸೆಯ ಬೆಲೆ ಎಷ್ಟಾಗುತ್ತದೆ ಅಂತ ಈ ನಗರದ ಹೋಟೆಲಿನವರು ಈಗಲೇ ಲೆಕ್ಕ ಹಾಕಬೇಕು. ಆ ಲೆಕ್ಕವನ್ನು ಕನ್ನಡದಲ್ಲಿ ಬರೆಯಲು ದೊಡ್ಡ ಬಜೆಟ್ ಬೇಡ. ಒಬ್ಬ ವರದಿಗಾರ, ಗಲ್ಲಾ ಪಕ್ಕ ಒಂದು ಸ್ಟೂಲ್, ನಾಲ್ಕಾರು ಹೋಟೆಲುಗಳ ಬಿಲ್ಲು.