ಥಿಯರಿ ಓದಿದವರಿಗೆ ಕಂಪನಿಯಲ್ಲಿ ಏನು ಕೆಲಸ?

ಪ್ರಶ್ನೆ: ಮಗಳು ಹಾಸನದಲ್ಲಿ ಎಂ.ಎಸ್ಸಿ. ಭೌತಶಾಸ್ತ್ರದ ಕೊನೆಯ ವರ್ಷದಲ್ಲಿದ್ದಾಳೆ. ಥಿಯರಿಯಲ್ಲೇ ಪಿಎಚ್.ಡಿ. ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ. ನಾಳೆ ಕಾಲೇಜಿನಲ್ಲಿ ಕೆಲಸ ಸಿಗದಿದ್ದರೆ ಗತಿಯೇನು? ಪ್ರಯೋಗವನ್ನೇ ಮಾಡದವರನ್ನು ಯಾವ ಕಂಪನಿ ಕರೆಯುತ್ತದೆ?
— ಅರಸೀಕೆರೆ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ಕರೆಯುತ್ತವೆ ಸ್ವಾಮಿ. ಆದರೆ ಅವಳ ಪ್ರಬಂಧದ ವಿಷಯ ನೋಡಿ ಅಲ್ಲ. ಕಪ್ಪುಕುಳಿಯ ಲೆಕ್ಕದಲ್ಲಿ ಐದು ವರ್ಷ ಕಳೆದವಳಿಗೆ ಕಪ್ಪುಕುಳಿ ತಯಾರಿಸುವ ಕಾರ್ಖಾನೆ ಎಲ್ಲಿಯೂ ಸಿಗುವುದಿಲ್ಲ. ಕರೆಯುವುದು, ಅಂದುಕೊಂಡಂತೆ ಆಗದಿದ್ದಾಗ ಯಾಕೆ ಆಗಲಿಲ್ಲ ಎಂದು ಕಾಗದದ ಮೇಲೆ ಹುಡುಕಬಲ್ಲಳು ಎಂಬ ಕಾರಣಕ್ಕೆ.

ಜಾನ್ ಬಾರ್ಡೀನ್ ಅವರ ಕತೆ ಕೇಳಿ. ಈ ಸೈದ್ಧಾಂತಿಕ ಭೌತವಿಜ್ಞಾನಿ 1945ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದರು. ಅದು ಟೆಲಿಫೋನ್ ಕಂಪನಿಯ ಸಂಶೋಧನಾಲಯ. ಕ್ಷೀಣವಾದ ಸಂಕೇತವನ್ನು ದೊಡ್ಡದು ಮಾಡುವ, ಆದರೆ ಬಿಸಿಯಾಗಿ ಸುಟ್ಟುಹೋಗುವ ಗಾಜಿನ ವಾಲ್ವುಗಳಿಗೆ ಕಂಪನಿಗೊಂದು ಬದಲಿ ಬೇಕಿತ್ತು. ಅರೆವಾಹಕದ (ಸೆಮಿಕಂಡಕ್ಟರ್) ಹೊರಗೆ ವಿದ್ಯುತ್ ಕ್ಷೇತ್ರವನ್ನು ಒಡ್ಡಿದರೆ ಒಳಗಿನ ಪ್ರವಾಹ ಬದಲಾಗಬೇಕು ಎಂಬುದು ಅಲ್ಲಿನ ಭೌತವಿಜ್ಞಾನಿ ವಿಲಿಯಂ ಶಾಕ್ಲಿ ಅವರ ಲೆಕ್ಕ. ಪ್ರಯೋಗ ಮಾಡಿದರೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಎಲೆಕ್ಟ್ರಾನುಗಳು ಮೇಲ್ಮೈಯಲ್ಲೇ ಸಿಕ್ಕಿಕೊಂಡು, ಹೊರಗಿನ ಕ್ಷೇತ್ರ ಒಳಗೆ ಇಳಿಯದಂತೆ ತಡೆಯುತ್ತಿವೆ ಎಂದು ಬಾರ್ಡೀನ್ ಲೆಕ್ಕ ಹಾಕಿ ತೋರಿಸಿದರು. ಆಮೇಲೆ ಹುಡುಕಾಟ ಮೇಲ್ಮೈಯತ್ತ ತಿರುಗಿತು. ಪ್ರಯೋಗದಲ್ಲಿ ಪಳಗಿದ ವಾಲ್ಟರ್ ಬ್ರಾಟೈನ್ ಪುಟ್ಟ ಪ್ಲಾಸ್ಟಿಕ್ ತ್ರಿಕೋನಕ್ಕೆ ಚಿನ್ನದ ತೆಳು ಹಾಳೆ ಅಂಟಿಸಿ, ತುದಿಯಲ್ಲಿ ಬ್ಲೇಡಿನಿಂದ ಸೀಳಿ, ಜರ್ಮೇನಿಯಂ ತುಂಡಿನ ಮೇಲೆ ಸ್ಪ್ರಿಂಗಿನಿಂದ ಒತ್ತಿ ಹಿಡಿದರು. 1947ರ ಡಿಸೆಂಬರ್ 16ರಂದು ಅದು ಸಂಕೇತವನ್ನು ವರ್ಧಿಸಿತು. ಅದೇ ಮೊದಲ ಟ್ರಾನ್ಸಿಸ್ಟರ್. ನಿಮ್ಮ ಜೇಬಿನ ಮೊಬೈಲಿನಲ್ಲಿ ಅದರ ಸಂತತಿ ಕೋಟಿಗಟ್ಟಲೆ ಇದೆ.

ಕಂಪನಿಗೆ ಹೋದರೆ ವಿಜ್ಞಾನ ಕೈಬಿಟ್ಟಂತೆ ಎನ್ನುವವರೂ ಇದ್ದಾರೆ. ಆದರೆ ಬಾರ್ಡೀನ್ 1951ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋದರು, 1957ರಲ್ಲಿ ಇನ್ನಿಬ್ಬರ ಜೊತೆ ಅತಿವಾಹಕತೆಯ, ಅಂದರೆ ಕೊರೆಯುವ ಚಳಿಯಲ್ಲಿ ಕೆಲವು ವಸ್ತುಗಳಲ್ಲಿ ವಿದ್ಯುತ್ ತಡೆಯಿಲ್ಲದೆ ಹರಿಯುವುದರ, ಸಿದ್ಧಾಂತ ಕೊಟ್ಟರು. ಭೌತಶಾಸ್ತ್ರದ ನೊಬೆಲ್ ಎರಡು ಬಾರಿ ಪಡೆದವರು ಇಂದಿಗೂ ಅವರೊಬ್ಬರೇ. ಇನ್ನೊಬ್ಬ ಸೈದ್ಧಾಂತಿಕ ಭೌತವಿಜ್ಞಾನಿ ಫಿಲಿಪ್ ಆಂಡರ್ಸನ್ ಅಂತೂ 1949ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಬೆಲ್ ಲ್ಯಾಬ್ಸ್‌ನಲ್ಲೇ ಇದ್ದು ನೊಬೆಲ್ ಪಡೆದರು. ನಮ್ಮ ದೇಶದ ಭೌತವಿಜ್ಞಾನಿ ಟಿ.ವಿ. ರಾಮಕೃಷ್ಣನ್ ಅವರೂ ಸೇರಿ ನಾಲ್ವರು ಬರೆದ 1979ರ ಹೆಸರಾಂತ ಪ್ರಬಂಧದಲ್ಲಿ ಈ ಆಂಡರ್ಸನ್ ಒಬ್ಬರು.

ಆದರೆ ಆ ಕಾಲದ ಹೆಸರು ಹೇಳಿ ನಿಮ್ಮನ್ನು ಮರುಳು ಮಾಡುವುದು ನನಗೆ ಬೇಡ. ಏಕಸ್ವಾಮ್ಯದ ಟೆಲಿಫೋನ್ ಕಂಪನಿಯ ಖಜಾನೆ ತುಂಬಿತ್ತು, ತಮಗೆ ತೋಚಿದ್ದರ ಬೆನ್ನು ಹತ್ತಲು ವಿಜ್ಞಾನಿಗಳಿಗೆ ಬಿಡುವಿತ್ತು. 1984ರಲ್ಲಿ ಆ ಕಂಪನಿಯನ್ನು ಒಡೆದರು. ಈಗ ಸಮಸ್ಯೆಯನ್ನು ಬಹುಪಾಲು ಕಂಪನಿಯೇ ಆರಿಸುತ್ತದೆ, ಪ್ರಬಂಧ ಪ್ರಕಟಿಸಲು ಅನುಮತಿ ಬೇಕು, ಪೇಟೆಂಟ್ ಕಂಪನಿಯದು. ಎರಡು ವರ್ಷ ದುಡಿದ ಯೋಜನೆಯನ್ನು ಒಂದು ಸಭೆಯಲ್ಲಿ ಮುಚ್ಚಿಬಿಡುವುದೂ ಉಂಟು. ನನ್ನ ಮಟ್ಟಿಗೆ ಸಂಬಳಕ್ಕಿಂತ ಮೊದಲು ಕೇಳಬೇಕಾದದ್ದು ಈ ಷರತ್ತುಗಳನ್ನು.

ಕೆಲಸಗಳಿಗೆ ಬರವಿಲ್ಲ: ಚಿಪ್ ವಿನ್ಯಾಸ, ಕ್ವಾಂಟಂ ಕಂಪ್ಯೂಟರ್, ಬ್ಯಾಟರಿಯ ವಸ್ತುಗಳು, ಬ್ಯಾಂಕುಗಳ ನಷ್ಟಸಾಧ್ಯತೆಯ ಲೆಕ್ಕ, ಕೃತಕ ಬುದ್ಧಿಮತ್ತೆ. 2024ರ ನೊಬೆಲ್ ಹಂಚಿಕೊಂಡ ಜಾನ್ ಹಾಪ್‌ಫೀಲ್ಡ್ ಕೂಡ ಬೆಲ್ ಲ್ಯಾಬ್ಸ್‌ನಲ್ಲಿ ದುಡಿದವರು. ಕಾಂತಗಳ ಭೌತಶಾಸ್ತ್ರದಿಂದ ಎತ್ತಿಕೊಂಡ ಗಣಿತದಲ್ಲಿ ಅವರು 1982ರಲ್ಲಿ ನೆನಪಿನ ಮಾದರಿ ಕಟ್ಟಿದರು, ಕೃತಕ ಬುದ್ಧಿಮತ್ತೆಯ ಬೇರುಗಳಲ್ಲಿ ಅದೂ ಒಂದು.

ಲೆಕ್ಕಕ್ಕೆ ಬೆಲೆಯಿರುವ ಜಾಗ ಹಾಸನದಲ್ಲೇ ಇದೆ, ಕಂಪನಿಯದಲ್ಲ, ಸರ್ಕಾರದ್ದು. ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದ ಆಂಟೆನಾಗಳನ್ನು ನೋಡಿರುತ್ತೀರಿ. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹವನ್ನು ಸೂರ್ಯ, ಚಂದ್ರರ ಸೆಳೆತ ಅದರ ಜಾಗದಿಂದ ಸರಿಸುತ್ತಲೇ ಇರುತ್ತದೆ. ಯಾವಾಗ, ಎಷ್ಟು ಇಂಧನ ಉರಿಸಿ ಮರಳಿ ತರಬೇಕೆಂದು ಲೆಕ್ಕ ಹಾಕಬೇಕು. ಇಂಧನ ತೀರಿದರೆ ಉಪಗ್ರಹದ ಆಯುಸ್ಸೂ ತೀರಿತು. ಕಂಪನಿಯ ಲ್ಯಾಬೇ ಬೇಕೆಂದರೆ ಮಾತ್ರ ಬೆಂಗಳೂರಿನ ರೈಲು ಹತ್ತಬೇಕು.

ಮಗಳಿಗೆ ಒಂದು ಮಾತು ಹೇಳಿ: ಪೆನ್ನು, ಕಾಗದದ ಜೊತೆಗೆ ಪ್ರೋಗ್ರಾಮಿಂಗ್ ಚೆನ್ನಾಗಿ ಕಲಿಯಲಿ, ಪಿಎಚ್.ಡಿ. ಮುಗಿದ ಮೇಲಲ್ಲ, ಈಗಲೇ. ಖರ್ಚಿನ ಚಿಂತೆ ನಿಮಗಿದ್ದರೆ, ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಜೆ.ಆರ್.ಎಫ್. (ಕಿರಿಯ ಸಂಶೋಧಕರ ಫೆಲೋಶಿಪ್) ಪಡೆದವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್, ಮನೆ ಬಾಡಿಗೆ ಭತ್ಯೆ ಬೇರೆ. ಅವಳ ಓದಿಗಾಗಿ ತೆಂಗಿನ ತೋಟ ಅಡವಿಡುವ ಪ್ರಸಂಗ ಬರುವುದಿಲ್ಲ.