ಬೆಂಕಿ ಉಗುಳುವ ಬಾಯಿಗೆ ಗಾಳಿ ಎಲ್ಲಿಂದ?

ವಿಜಯಪುರದ ಷೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪಿನ ಎದುರು ಮಕ್ಕಳನ್ನು ಕೂಡಿಸಿಕೊಂಡು ಬೆಂಕಿಯ ಪಾಠ ಹೇಳುವುದು ನನಗೆ ಇಷ್ಟದ ಕೆಲಸ. ಅಗ್ನಿಶಾಮಕನಾಗಿ ಇಷ್ಟು ವರ್ಷ ದುಡಿದವನಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗಲಿಕ್ಕಿಲ್ಲ. ತೋಪಿನ ಬಾಯಿಯೇ ಒಂದು ಮೃಗದ ಬಾಯಿ. ದವಡೆಯಲ್ಲಿ ಆನೆ ನುರಿಯುತ್ತಿದೆ. ಕಳೆದ ಸಲ ಒಬ್ಬ ಹುಡುಗಿ ಆ ಹಲ್ಲನ್ನು ಸವರಿ, "ಕಥೆಯ ಡ್ರ್ಯಾಗನ್ ಹಾಗೆ ಇದೂ ಬೆಂಕಿ ಉಗುಳುತ್ತಿತ್ತೇ?" ಎಂದು ಕೇಳಿದಳು.

ಉಗುಳುತ್ತಿತ್ತು. ಆದರೆ ಕೊಲ್ಲುತ್ತಿದ್ದುದು ಆ ಜ್ವಾಲೆಯಲ್ಲ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ತೋಪಿನ ಬಲವಿದ್ದದ್ದು ಮುಚ್ಚಿದ ಕೊಳವೆಯಲ್ಲಿ. ಮದ್ದಿನೊಳಗಿನ ಇದ್ದಿಲು ಮತ್ತು ಗಂಧಕ ಉರಿಯುವ ಸರಕು. ಅವುಗಳಿಗೆ ಬೇಕಾದ ಆಮ್ಲಜನಕವನ್ನು ಮದ್ದಿನಲ್ಲೇ ಬೆರೆಸಿದ ಪೆಟ್ಲುಪ್ಪು ಒದಗಿಸುತ್ತದೆ, ಹೊರಗಿನ ಗಾಳಿಯ ಹಂಗಿಲ್ಲ. ಬಿಸಿ ಅನಿಲ ಹಿಗ್ಗಲು ಜಾಗವಿಲ್ಲದೆ ಗುಂಡನ್ನು ನೂಕುತ್ತದೆ. ಅದೇ ಮದ್ದನ್ನು ಬಯಲಿನಲ್ಲಿ ತೆಳುವಾಗಿ ಸುರಿದು ಕಿಡಿ ತಾಗಿಸಿದರೆ ಭುಸ್ಸೆಂದು ಉರಿದು ಮುಗಿಯುತ್ತದೆ.

ಕಲ್ಪನೆಯ ಕಥೆಗಳನ್ನು ನಾನು ಆಸೆಯಿಂದ ಓದುತ್ತೇನೆ. ಅಲ್ಲಿನ ಬೆಂಕಿಗೆ ಒಡೆಯನಿರುತ್ತಾನೆ, ಅದು ಹೇಳಿದ ಕಡೆ ಹೋಗಿ ಹೇಳಿದವರನ್ನೇ ಸುಡುತ್ತದೆ. ನಾನು ಕಂಡ ಬೆಂಕಿ ಯಾರ ಮಾತನ್ನೂ ಕೇಳಿದ್ದಿಲ್ಲ. ನಮ್ಮ ಖಾಂಡವದಹನದ ಕಥೆ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಅರ್ಜುನನು ಬಾಣಗಳ ಚಪ್ಪರ ಹೊದಿಸಿ ಇಂದ್ರನ ಮಳೆಯನ್ನೇ ತಡೆದರೂ ತಕ್ಷಕನ ಮಗ ಅಶ್ವಸೇನ ತಪ್ಪಿಸಿಕೊಂಡ. ಕರ್ಣನ ಬಾಣದಲ್ಲಿ ಹಗೆಯಾಗಿ ಮರಳಿ ಬಂದ.

ಮುಧೋಳ, ಜಮಖಂಡಿ ಕಡೆಯ ಕಬ್ಬಿನ ಗದ್ದೆಗೆ ಬೆಂಕಿ ಬಿದ್ದಾಗ ಒಡೆಯನಿಲ್ಲದ ಬೆಂಕಿ ಏನೆಂದು ತಿಳಿಯುತ್ತದೆ. ಜೋತುಬಿದ್ದ ವಿದ್ಯುತ್ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಉದುರಿದ ಕಿಡಿ ರವದಿಗೆ, ಅಂದರೆ ಕಬ್ಬಿನ ಒಣ ಗರಿಗೆ, ಸಾಕು. ಒಮ್ಮೆ ಒಬ್ಬ ರೈತ ಕುಡುಗೋಲು ಹಿಡಿದು, ಬೆಂಕಿ ದಾಟದಂತೆ ನಡುವೆ ದಾರಿ ಕಡಿಯಲು ನುಗ್ಗಿದ. ಗಾಳಿ ತಿರುಗಿತು. ಕೂಗಿ ಕೂಗಿ ಅವನನ್ನು ಹೊರಗೆಳೆದೆವು. ಕೂದಲು ಕಮರಿತ್ತು, ಕುಡುಗೋಲು ಮಾತ್ರ ಕೈಯಲ್ಲೇ ಇತ್ತು. ಸುಟ್ಟ ಕಬ್ಬಿನ ಸಕ್ಕರೆ ಅಂಶ ದಿನದಿಂದ ದಿನಕ್ಕೆ ಇಳಿಯುತ್ತದೆ, ಅದನ್ನು ಬೇಗ ಕಾರ್ಖಾನೆಗೆ ಸಾಗಿಸಬೇಕು, ಹಾಗಾಗಿ ಬೆಂಕಿ ಆರಿದ ಮೇಲೂ ಅವನ ಓಟ ನಿಲ್ಲಲಿಲ್ಲ.

ಇನ್ನು ಹೊಗೆ. ಕಥೆಗಾರರು ಅದನ್ನು ಬರಿಯ ಅಲಂಕಾರವಾಗಿ ಬಳಸುವುದು ನನಗೆ ನಿಜವಾಗಿ ನೋವು ಕೊಡುತ್ತದೆ. ಒಂದು ಮನೆಯಲ್ಲಿ ಬೆಂಕಿ ಅಡುಗೆಮನೆಯನ್ನು ದಾಟಿರಲಿಲ್ಲ. ಒಳಕೋಣೆಯ ಹಾಸಿಗೆ ಹಾಗೇ ಇತ್ತು, ಗೋಡೆಯ ಕ್ಯಾಲೆಂಡರಿನ ಹಾಳೆಯೂ ಕಂದಿರಲಿಲ್ಲ. ಮಲಗಿದ್ದವರ ಮೈಮೇಲೆ ಒಂದು ಬೊಬ್ಬೆಯೂ ಇರಲಿಲ್ಲ. ಮೂಗಿನ ಹೊಳ್ಳೆಗಳ ಸುತ್ತ ಮಸಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದು ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ.

ಆ ಹುಡುಗಿಗೆ ಇಷ್ಟನ್ನೆಲ್ಲ ಹೇಳಲಿಲ್ಲ. ಬಿಸಿ ಹೊಗೆ ಮೇಲಕ್ಕೇರುತ್ತದೆ, ಉಸಿರಾಡುವ ಗಾಳಿ ನೆಲದ ಹತ್ತಿರ ಉಳಿದಿರುತ್ತದೆ ಎಂದೆ. ಹೊರಬರುವಾಗ ಬಾಗಿಲು ಎಳೆದುಕೊಂಡರೆ ಬೆಂಕಿಗೆ ಗಾಳಿ ತಪ್ಪುತ್ತದೆ ಎಂದೆ. ಆಮೇಲೆ ತೋಪಿನ ಬಾಯಿಯ ಕೆಳಗೆ ಮಕ್ಕಳೆಲ್ಲ ಮೊಣಕಾಲೂರಿ, ತಲೆ ತಗ್ಗಿಸಿ, ಸಾಲಾಗಿ ಅಂಬೆಗಾಲಿಟ್ಟರು. ಎಲ್ಲರಿಗಿಂತ ಮುಂದೆ ಅವಳೇ ಇದ್ದಳು.